ಕೋವಿಯ ಮದ್ದು ತೂಗಲು ಅಗ್ಗದ ಡಿಜಿಟಲ್ ತಕ್ಕಡಿ: ನಾನು ಆರಿಸಿದ ಬಗೆ

ಕೋವಿಯ ತೋಟೆಗೆ ತುಂಬುವ ಮದ್ದನ್ನು ತೂಗಲು ಡಿಜಿಟಲ್ ತಕ್ಕಡಿ ಕೊಳ್ಳುವವರು ಮೊದಲು ನೋಡುವುದು ದಶಾಂಶ ಬಿಂದುವಿನ ನಂತರ ಎಷ್ಟು ಅಂಕಿಗಳಿವೆ ಎಂದು. ನಾನು ಮೊದಲು ನೋಡುವುದು ಬೇರೆ: ಒಂದೇ ತೂಕವನ್ನು ಎತ್ತಿ ಮತ್ತೆ ಇಟ್ಟಾಗ ಅದೇ ಅಂಕಿ ಮರಳಿ ಬರುತ್ತದೆಯೇ? ಬರದಿದ್ದರೆ ಪರದೆಯ ಮೇಲೆ ಎಷ್ಟು ಅಂಕಿಗಳಿದ್ದರೂ ಪ್ರಯೋಜನವಿಲ್ಲ. ಬಂದರೆ ಮೂವತ್ತು ಡಾಲರಿನ ತಕ್ಕಡಿಯೂ ಸಾಕು.

ನಾನಿರುವುದು ಅಮೆರಿಕದ ಓಹಿಯೊ ರಾಜ್ಯದ ಉತ್ತರ ಭಾಗದಲ್ಲಿ. 1907ರಿಂದ ರಾಷ್ಟ್ರೀಯ ರೈಫಲ್ ಸ್ಪರ್ಧೆಗಳಿಗೆ ಹೆಸರಾದ ಕ್ಯಾಂಪ್ ಪೆರ್ರಿ ಇಲ್ಲಿಯೇ, ಈರಿ ಸರೋವರದ ದಡದಲ್ಲಿದೆ. ಗುರಿಯ ಹುಚ್ಚು ಹತ್ತಿದವರು ಈ ಸೀಮೆಯಲ್ಲಿ ಬಹಳ, ಅವರಲ್ಲಿ ಅನೇಕರು ತೋಟೆಗಳನ್ನು ತಾವೇ ಮರುತುಂಬಿಸಿಕೊಳ್ಳುತ್ತಾರೆ. ಹಾರಿಸಿದ ಮೇಲೂ ಹಿತ್ತಾಳೆಯ ಕೋಶ ಕೆಲಸಕ್ಕೆ ಬರುತ್ತದೆ. ಅದನ್ನು ಶುಚಿ ಮಾಡಿ, ಅಚ್ಚಿನಲ್ಲಿ ಒತ್ತಿ ಹಳೆಯ ಅಳತೆಗೆ ತಂದು, ಮದ್ದಿಗೆ ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಗುಂಡನ್ನು ಒತ್ತಿದರೆ ತೋಟೆ ಸಿದ್ಧ. ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳಲು ಅಮೆರಿಕದ ಕೇಂದ್ರ ಕಾನೂನು ಪರವಾನಗಿ ಕೇಳುವುದಿಲ್ಲ. ತಯಾರಿಸಿ ಮಾರುವವರಿಗೆ ಮಾತ್ರ ಅದು ಬೇಕು. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಊರಿನಲ್ಲಿ ಕುಳಿತು ಇದನ್ನು ಓದುತ್ತಿರುವವರು ಈ ಮಾತನ್ನು ಮರೆಯಬಾರದು.

ನಾನು ಬೆಳೆದದ್ದು ಕೊಡಗಿನಲ್ಲಿ. ಅಲ್ಲಿ ಹಳಬರು ಕೇಪಿನ ಕೋವಿಗೆ ಕರಿಮದ್ದನ್ನು ಪುಟ್ಟ ಕೊಳವೆಯಲ್ಲಿ ಅಳೆದು ಸುರಿಯುತ್ತಿದ್ದರು. ಕರಿಮದ್ದಿಗೆ ಅಳತೆ ಸಾಕು. ಇಂದಿನ ಹೊಗೆರಹಿತ ಮದ್ದಿಗೆ ಅದು ಸಾಲದು. ಅದರ ಕಣಗಳ ಆಕಾರ ಮತ್ತು ದಟ್ಟಣೆ ಒಂದೊಂದು ಬಗೆಗೂ ಬೇರೆ. ಸ್ವಲ್ಪ ಹೆಚ್ಚಾದರೂ ನಳಿಗೆಯೊಳಗಿನ ಒತ್ತಡ ಕಡಿದಾಗಿ ಏರುತ್ತದೆ. ಆದ್ದರಿಂದ ಮದ್ದು ತಯಾರಕರ ಕೈಪಿಡಿಗಳು ಪ್ರಮಾಣವನ್ನು ತೂಕದಲ್ಲಿ, ಅದೂ ಗ್ರೇನ್ ಲೆಕ್ಕದಲ್ಲಿ, ಕನಿಷ್ಠ ಮತ್ತು ಗರಿಷ್ಠ ಮಿತಿಗಳೊಂದಿಗೆ ಕೊಡುತ್ತವೆ.

ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ, 7000 ಗ್ರೇನ್ ಸೇರಿದರೆ ಒಂದು ಪೌಂಡ್. ನಮ್ಮವರಿಗೆ ಇದು ಅಷ್ಟು ಅಪರಿಚಿತವೂ ಅಲ್ಲ. ಬ್ರಿಟಿಷರ ಆಡಳಿತ 1833ರಲ್ಲಿ ತೊಲವನ್ನು ನಿಗದಿಪಡಿಸಿದ್ದು ಸರಿಯಾಗಿ 180 ಗ್ರೇನ್ ಎಂದು. ಇಲ್ಲಿನ ಅಂಗಡಿಗಳಲ್ಲಿ .30 ಕ್ಯಾಲಿಬರಿನ ರೈಫಲಿಗೆ ಸಿಗುವ 180 ಗ್ರೇನಿನ ಗುಂಡು ಸರಿಯಾಗಿ ಒಂದು ತೊಲ ತೂಗುತ್ತದೆ. ಅಕ್ಕಸಾಲಿಗರ ಗುಲಗಂಜಿ ತೂಕ ತೊಲದ 96ನೇ ಒಂದು ಪಾಲು, ಅಂದರೆ ಎರಡು ಗ್ರೇನಿಗೆ ತುಸು ಕಡಿಮೆ. ನಮಗೆ ಬೇಕಾದ ಸೂಕ್ಷ್ಮತೆ ಗ್ರೇನಿನ ಹತ್ತನೇ ಒಂದು ಭಾಗ, ಸುಮಾರು ಆರೂವರೆ ಮಿಲಿಗ್ರಾಂ. ಗುಲಗಂಜಿಯನ್ನು ಹದಿನೆಂಟು ಹತ್ತೊಂಬತ್ತು ಚೂರು ಮಾಡಿದರೆ ಅದರಲ್ಲಿ ಒಂದು ಚೂರಿನಷ್ಟು.

ಈ 0.1 ಗ್ರೇನ್ ಎಲ್ಲರಿಗೂ ಒಂದೇ ಅಲ್ಲ. ನಾನು ತುಂಬುವ ರೈಫಲ್ ತೋಟೆಗೆ ಹಿಡಿಯುವ ಮದ್ದು ನಲವತ್ತು ಗ್ರೇನಿನ ಆಸುಪಾಸು, ಅಲ್ಲಿ 0.1 ಗ್ರೇನಿನ ವ್ಯತ್ಯಾಸ ಶೇ 0.25 ಮಾತ್ರ. ಪಿಸ್ತೂಲ್ ತೋಟೆಗೆ ನಾಲ್ಕೈದು ಗ್ರೇನ್ ಹಾಕುವವರಿಗೆ ಅದೇ ವ್ಯತ್ಯಾಸ ಶೇ 2ರಿಂದ 2.5. ರೈಫಲಿನವರಿಗೆ ಒಳ್ಳೆಯ ತಕ್ಕಡಿ ಬೇಕು, ಪಿಸ್ತೂಲಿನವರಿಗೆ ಎಂಥದಾದರೂ ನಡೆಯುತ್ತದೆ ಎಂಬ ಮಾತನ್ನು ಶೂಟಿಂಗ್ ಕ್ಲಬ್ಬಿನಲ್ಲಿ ಕೇಳುತ್ತಿರುತ್ತೇನೆ. ಲೆಕ್ಕ ಹಾಕಿದರೆ ಸುರಕ್ಷತೆಯ ದೃಷ್ಟಿಯಿಂದ ಅದು ತಿರುಗುಮುರುಗು.

ಮಾರುಕಟ್ಟೆಯಲ್ಲಿ ಇರುವವು ಮುಖ್ಯವಾಗಿ ಮೂರು ಬಗೆ. ದಂಡದ ಮೇಲೆ ತೂಕ ಸರಿಸುವ ಹಳೆಯ ಮಾದರಿಯದಕ್ಕೆ ಬ್ಯಾಟರಿಯ ಹಂಗಿಲ್ಲ. ನಿಧಾನ, ಆದರೆ ನಂಬಿಕಸ್ಥ. ಎರಡನೆಯದು ಸ್ಟ್ರೇನ್ ಗೇಜ್ ಅಂಟಿಸಿದ ಲೋಹದ ಪಟ್ಟಿಯಿರುವ ಡಿಜಿಟಲ್ ತಕ್ಕಡಿ. ಭಾರಕ್ಕೆ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಗೇಜಿನ ವಿದ್ಯುತ್ ರೋಧ ಬದಲಾಗುತ್ತದೆ, ಅದೇ ಪರದೆಯಲ್ಲಿ ಅಂಕಿಯಾಗುತ್ತದೆ. ಅಗ್ಗದವೆಲ್ಲ ಈ ಜಾತಿಯವು. ಮೂರನೆಯದು ವಿದ್ಯುತ್ಕಾಂತದ ಬಲದಿಂದ ಭಾರವನ್ನು ಸರಿದೂಗಿಸುವ ಪ್ರಯೋಗಾಲಯದ ತಕ್ಕಡಿ. ಅದು ಬಹಳ ಚೆನ್ನಾಗಿದೆ, ಬೆಲೆ ನೂರಾರು ಡಾಲರ್. ನನ್ನ ಕೈಗೆ ಎಟುಕುವಂತಿದ್ದದ್ದು ಎರಡನೆಯದು.

ಆ ಬಗೆಯಲ್ಲೂ ಎರಡು ಕವಲುಗಳಿವೆ. ಮದ್ದು ತೂಗಲೆಂದೇ ಮಾರುವ ಸಣ್ಣ ತಕ್ಕಡಿಗಳು ಸಾಮಾನ್ಯವಾಗಿ 0.1 ಗ್ರೇನಿನ ಹೆಜ್ಜೆಯಲ್ಲಿ ತೋರಿಸುತ್ತವೆ. ಅಂದರೆ 41.46 ಇದ್ದರೂ 41.5, 41.54 ಇದ್ದರೂ 41.5. ಅದರ ಮೇಲೆ ±0.1 ಗ್ರೇನ್ ತಪ್ಪಬಹುದು ಎಂದು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಇನ್ನೊಂದು, ಒಡವೆ ಮತ್ತು ಹರಳು ತೂಗುವವರಿಗಾಗಿ ಮಾಡಿದ, ಒಂದು ಮಿಲಿಗ್ರಾಂ ಹೆಜ್ಜೆಯ ತಕ್ಕಡಿ. ಬೆಲೆ ಹೆಚ್ಚುಕಡಿಮೆ ಅಷ್ಟೇ, ಇಪ್ಪತ್ತರಿಂದ ಮೂವತ್ತು ಡಾಲರ್. ಒಂದು ಮಿಲಿಗ್ರಾಂ ಎಂದರೆ 0.015 ಗ್ರೇನ್, ಉದ್ದನೆಯ ಕಡ್ಡಿಯಂಥ ಮದ್ದಿನ ಒಂದು ಕಣ ಸುಮಾರು 0.02 ಗ್ರೇನ್ ತೂಗುತ್ತದೆ. ನಾನು ಎರಡನೆಯ ಕವಲನ್ನು ಆರಿಸಿದೆ. ಕೊನೆಯ ಅಂಕಿಯ ಮೇಲೆ ನನಗೆ ನಂಬಿಕೆಯಿದೆ ಎಂದಲ್ಲ. ಕೊನೆಯ ಅಂಕಿ ಎರಡು ಮೂರು ಮಿಲಿಗ್ರಾಂ ಅಲುಗಾಡಿದರೂ ನನಗೆ ಬೇಕಾದ 0.1 ಗ್ರೇನಿನ ಒಳಗೇ ಉಳಿಯುತ್ತದೆ, ಆ ಅಲುಗಾಟ ಕಣ್ಣಿಗೂ ಕಾಣುತ್ತದೆ. ಹೆಜ್ಜೆ ದೊಡ್ಡದಾದ ತಕ್ಕಡಿಯಲ್ಲಿ ಅಲುಗಾಟ ಮರೆಯಾಗಿರುತ್ತದೆ.

ಸಾಮರ್ಥ್ಯದಲ್ಲಿ 20 ಗ್ರಾಮಿನವೂ ಇವೆ, 50 ಗ್ರಾಮಿನವೂ ಇವೆ. ಬಟ್ಟಲಿನ ತೂಕವೂ ಆ ಮಿತಿಯೊಳಗೇ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮರೆಯದೆ 50 ಗ್ರಾಮಿನದನ್ನು ಕೊಳ್ಳಿ. ಗುಂಡು, ಖಾಲಿ ಕೋಶಗಳನ್ನೂ ತೂಗಬಹುದು.

ಕೊಳ್ಳುವಾಗಲೇ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದೇ ಎಂದು ಖಚಿತಪಡಿಸಿಕೊಂಡಿದ್ದೆ. ಅಗ್ಗದ ತಕ್ಕಡಿಗಳಲ್ಲಿ ಒಂದೇ ಮಾದರಿಯ ಎರಡು ತುಂಡುಗಳು ಒಂದೇ ಗುಣದವು ಆಗಿರುವುದಿಲ್ಲ. ಪರೀಕ್ಷಿಸಿ ಉಳಿಸಿಕೊಳ್ಳಬೇಕು, ಇಲ್ಲವೇ ಮರಳಿಸಬೇಕು. ನನ್ನ ಪರೀಕ್ಷೆ ಸರಳ. ಚಾಲೂ ಮಾಡಿ ಅರ್ಧ ಗಂಟೆ ಹಾಗೆಯೇ ಬಿಡುತ್ತೇನೆ, ಏಕೆಂದರೆ ಒಳಗಿನ ಪಟ್ಟಿ ಬೆಚ್ಚಗಾಗುವವರೆಗೆ ಅಂಕಿ ತೇಲುತ್ತಿರುತ್ತದೆ. ಬಳಿಕ 2 ಗ್ರಾಮಿನ ಪ್ರಮಾಣ ತೂಕವನ್ನು ಇಟ್ಟು, ಎತ್ತಿ, ಮತ್ತೆ ಇಟ್ಟು ನೋಡುತ್ತೇನೆ. ಎತ್ತಿದಾಗ ಸೊನ್ನೆಗೆ ಮರಳಬೇಕು, ಇಟ್ಟಾಗ ಮೊದಲಿನ ಅಂಕಿಗೆ. ತಟ್ಟೆಯ ನಡುವೆ ಇಟ್ಟಾಗಲೂ ಅಂಚಿನಲ್ಲಿ ಇಟ್ಟಾಗಲೂ ವ್ಯತ್ಯಾಸ ಎರಡು ಮಿಲಿಗ್ರಾಂ ದಾಟಬಾರದು. ಅದೇ ತೂಕವನ್ನು ಇನ್ನೊಂದು ಅರ್ಧ ಗಂಟೆ ಇಟ್ಟೇ ಬಿಟ್ಟು, ಅಂಕಿ ಎಷ್ಟು ಸರಿಯಿತು ಎಂದು ಗಮನಿಸುತ್ತೇನೆ. ನಾನು ಮೊದಲು ತರಿಸಿದ ತಕ್ಕಡಿ ಸೊನ್ನೆಗೆ ಮರಳುತ್ತಲೇ ಇರಲಿಲ್ಲ; ಅದನ್ನು ವಾಪಸ್ ಕಳಿಸಿದೆ. ಅದರ ಬದಲಿಗೆ ಬಂದದ್ದು ಈಗಲೂ ನನ್ನ ಮೇಜಿನ ಮೇಲಿದೆ.

ಮದ್ದು ತೂಗುವವರಿಗೆ ಮಾತ್ರ ಬೇಕಾದ ಒಂದು ಪರೀಕ್ಷೆಯೂ ಇದೆ. ಡಿಜಿಟಲ್ ತಕ್ಕಡಿಗಳು ಸಣ್ಣ ಬದಲಾವಣೆಯನ್ನು ತೇಲಾಟವೆಂದು ಭಾವಿಸಿ ತಾವೇ ನುಂಗಿಬಿಡುತ್ತವೆ; ಸೊನ್ನೆಯನ್ನು ಸ್ಥಿರವಾಗಿಡಲು ಮಾಡಿದ ವ್ಯವಸ್ಥೆಯದು. ಬಟ್ಟಲಿಗೆ ಒಂದೊಂದೇ ಕಣ ಉದುರಿಸುತ್ತಾ ಹೋದರೆ ಅಂಕಿ ಕದಲದೇ ಇರಬಹುದು, ಮದ್ದು ಮಾತ್ರ ಏರುತ್ತಿರುತ್ತದೆ. ಇದಕ್ಕಾಗಿ ನಾನು ಬಟ್ಟಲನ್ನು ಎತ್ತಿ ಮತ್ತೆ ಇಟ್ಟು ಬರುವ ಅಂಕಿಯನ್ನಷ್ಟೇ ಒಪ್ಪುತ್ತೇನೆ. ಕಣ ಉದುರಿಸುವಾಗ ಕಾಣುವ ಅಂಕಿ ಕೇವಲ ದಾರಿ ತೋರಿಸಲು. ಖಾಲಿ ಬಟ್ಟಲನ್ನಿಟ್ಟೇ ಸೊನ್ನೆ ಮಾಡಿಕೊಂಡಿರುವುದರಿಂದ, ಬಟ್ಟಲನ್ನು ಎತ್ತಿದಾಗ ಪರದೆಯಲ್ಲಿ ಬರುವ ಋಣ ಸಂಖ್ಯೆ ಪ್ರತಿ ಸಲವೂ ಒಂದೇ ಆಗಿರಬೇಕು. ಅದು ಬದಲಾಯಿತೆಂದರೆ ಸೊನ್ನೆ ಸರಿದಿದೆ ಎಂದರ್ಥ. ಕೆಲಸ ನಿಲ್ಲಿಸಿ ಮತ್ತೆ ಸರಿಪಡಿಸಿಕೊಳ್ಳಬೇಕು.

ತಕ್ಕಡಿಗೆ ಕೊಟ್ಟಷ್ಟೇ ಹಣವನ್ನು ಪ್ರಮಾಣ ತೂಕಗಳಿಗೂ ಕೊಡಿ ಎಂದು ಕೇಳಿದವರಿಗೆಲ್ಲ ಒತ್ತಿ ಹೇಳುತ್ತೇನೆ. ತಕ್ಕಡಿಯ ಜೊತೆ ಬರುವ 20 ಅಥವಾ 50 ಗ್ರಾಮಿನ ತೂಕ ಮೇಲಿನ ತುದಿಯನ್ನು ಸರಿಮಾಡುತ್ತದೆ. ನಾವು ಕೆಲಸ ಮಾಡುವುದು ಕೆಳಗಿನ ತುದಿಯಲ್ಲಿ, ಮೂರು ಗ್ರಾಮಿನೊಳಗೆ. ಆದ್ದರಿಂದ 100 ಮಿಲಿಗ್ರಾಮಿನಿಂದ 10 ಗ್ರಾಂ ತನಕದ ಒಂದು ಕಟ್ಟು ಬೇಕು. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಎಂ1 ದರ್ಜೆ ನಮಗೆ ಸಾಕು. ಅದರಲ್ಲಿ 2 ಗ್ರಾಮಿನ ತೂಕಕ್ಕೆ ಅನುಮತಿಸಿದ ವ್ಯತ್ಯಾಸ 1.2 ಮಿಲಿಗ್ರಾಂ, 500 ಮಿಲಿಗ್ರಾಮಿನದಕ್ಕೆ 0.8, 200 ಮಿಲಿಗ್ರಾಮಿನದಕ್ಕೆ 0.6. ಈ ಮೂರನ್ನೂ ಸೇರಿಸಿದರೆ 2.7 ಗ್ರಾಂ, ಅಂದರೆ 41.67 ಗ್ರೇನ್, ನಾನು ತುಂಬುವ ಮದ್ದಿನ ನೆರೆಯ ತೂಕ. ಮೂರೂ ಒಂದೇ ದಿಕ್ಕಿಗೆ ತಪ್ಪಿದ್ದರೂ ಒಟ್ಟು ವ್ಯತ್ಯಾಸ 0.04 ಗ್ರೇನ್. ಎಫ್1, ಇ2 ಎಂದು ದುಬಾರಿ ದರ್ಜೆಗಳ ಹಿಂದೆ ಹೋಗಬೇಕಾಗಿಲ್ಲ. ಐದು ಸೆಂಟಿನ ನಾಣ್ಯ 5 ಗ್ರಾಂ ತೂಗುತ್ತದೆ, ಅದನ್ನೇ ಬಳಸಿ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಟಂಕಸಾಲೆ ಅನುಮತಿಸುವ ವ್ಯತ್ಯಾಸವೇ ನಮಗೆ ಬೇಕಾದ ನಿಖರತೆಗಿಂತ ಎಷ್ಟೋ ಪಟ್ಟು ಹೆಚ್ಚು, ಮೇಲೆ ಸವಕಳಿ ಬೇರೆ. ತೂಕಗಳನ್ನು ಚಿಮಟದಲ್ಲೇ ಹಿಡಿಯಬೇಕು. ಬೆರಳಿನ ಜಿಡ್ಡೂ ತೂಗುತ್ತದೆ.

ತಕ್ಕಡಿಯನ್ನು ಕೆಲಸ ಮಾಡುವ ಜಾಗದಲ್ಲಿಯೇ ಸರಿಮಾಡಬೇಕು ಎನ್ನುವುದಕ್ಕೂ ಕಾರಣವಿದೆ. ಸ್ಟ್ರೇನ್ ಗೇಜ್ ಅಳೆಯುವುದು ಬಲವನ್ನು. ಭೂಮಧ್ಯರೇಖೆಗೂ ಧ್ರುವಕ್ಕೂ ನಡುವೆ ಗುರುತ್ವದಲ್ಲಿ ಸುಮಾರು ಶೇ 0.5ರಷ್ಟು ವ್ಯತ್ಯಾಸವಿದೆ. ದೂರದ ಕಾರ್ಖಾನೆಯಲ್ಲಿ ಸರಿಮಾಡಿದ್ದು ಇಲ್ಲಿಗೆ ಹೊಂದಬೇಕೆಂದಿಲ್ಲ. ದಂಡದ ತಕ್ಕಡಿಗೆ ಈ ತೊಂದರೆಯಿಲ್ಲ, ಅದು ತೂಕಕ್ಕೆ ತೂಕವನ್ನು ಹೋಲಿಸುತ್ತದೆ.

ಗಾಳಿ ಮತ್ತು ಸ್ಥಿರವಿದ್ಯುತ್ತು, ಇವೆರಡೂ ಈ ಸೀಮೆಯ ಚಳಿಗಾಲದ ಕಾಟ. ಮನೆ ಬಿಸಿ ಮಾಡುವ ಯಂತ್ರ ಶುರುವಾದೊಡನೆ ನೆಲದ ಕಿಂಡಿಯಿಂದ ಬಿಸಿಗಾಳಿ ಬೀಸುತ್ತದೆ, ಅಂಕಿ ಕುಣಿಯುತ್ತದೆ. ನಾನು ಆ ಕಿಂಡಿಯನ್ನು ಮುಚ್ಚಿ, ತಕ್ಕಡಿಯ ಮುಚ್ಚಳವನ್ನೂ ಹಾಕಿ ಓದುತ್ತೇನೆ. ಒಣಗಾಳಿಯಲ್ಲಿ ಪ್ಲಾಸ್ಟಿಕ್ ಬಟ್ಟಲು, ಪ್ಲಾಸ್ಟಿಕ್ ಆಲಿಕೆಗಳಿಗೆ ಮದ್ದಿನ ಕಣಗಳು ಅಂಟಿಕೊಳ್ಳುತ್ತವೆ, ಸ್ಥಿರವಿದ್ಯುತ್ತಿನ ಸೆಳೆತ ತೂಕವನ್ನೂ ಕೆಡಿಸುತ್ತದೆ. ಲೋಹದ ಬಟ್ಟಲಿಗೆ ಬದಲಾಯಿಸಿದ ಮೇಲೆ ಅರ್ಧ ಸಮಸ್ಯೆ ತೀರಿತು; ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಹಾಳೆಯಿಂದ ಆಲಿಕೆಯನ್ನು ಒರೆಸಿದರೆ ಉಳಿದದ್ದೂ ತಗ್ಗುತ್ತದೆ. ಮೇಜು ಸಮತಟ್ಟಾಗಿರಬೇಕು, ಮೊಬೈಲ್ ದೂರ ಇರಬೇಕು. ಕೆಲಸದ ನಡುವೆ ತಾನಾಗಿ ಆರಿಹೋಗುವ ತಕ್ಕಡಿ ದೊಡ್ಡ ಕಿರಿಕಿರಿ. ಕೊಳ್ಳುವ ಮೊದಲೇ, ಅದನ್ನು ತಡೆಯಲು ಬರುತ್ತದೆಯೇ, ಗೋಡೆಯ ವಿದ್ಯುತ್ತಿಗೆ ಜೋಡಿಸಬಹುದೇ ಎಂದು ನೋಡಿಕೊಳ್ಳಿ.

ಮೋಡ್ ಗುಂಡಿಯ ಬಗ್ಗೆ ನನಗೆ ನಿಜಕ್ಕೂ ಭಯವಿದೆ. ಒಡವೆಯವರ ತಕ್ಕಡಿಯಲ್ಲಿ ಗ್ರಾಂ, ಕ್ಯಾರಟ್, ಔನ್ಸ್, ಗ್ರೇನ್ ಎಲ್ಲವೂ ಒಂದೇ ಗುಂಡಿಯಲ್ಲಿ ಸುತ್ತುತ್ತವೆ. ಗ್ರಾಮಿನ ಗುರುತಿಗೂ ಗ್ರೇನಿನ ಗುರುತಿಗೂ ಒಂದೇ ಅಕ್ಷರದ ಅಂತರ. ಕ್ಯಾರಟ್ ಇನ್ನೂ ಅಪಾಯಕಾರಿ: ಒಂದು ಕ್ಯಾರಟ್ ಮೂರು ಗ್ರೇನಿಗೂ ಮಿಗಿಲು. ಪಿಸ್ತೂಲ್ ಮದ್ದಿನ ಪುಟ್ಟ ಅಂಕಿಗಳು ಅಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಹಜವಾಗಿಯೇ ಕಾಣುತ್ತವೆ, ಕೋಶಕ್ಕೆ ಬೀಳುವುದು ಮೂರು ಪಟ್ಟು ಮದ್ದು. ಪ್ರತಿ ಸಲ ಕುಳಿತಾಗಲೂ ಆ 2.7 ಗ್ರಾಮಿನ ತೂಕಗಳನ್ನಿಟ್ಟು 41.67ರ ಆಸುಪಾಸಿನ ಅಂಕಿ ಬಂದ ಮೇಲೆಯೇ ಮದ್ದಿನ ಡಬ್ಬಿ ತೆರೆಯುತ್ತೇನೆ. ಏಕಮಾನ ತಪ್ಪಿದ್ದರೆ ಅಲ್ಲಿಯೇ ತಿಳಿಯುತ್ತದೆ.

ತಕ್ಕಡಿಯಿಂದ ಆಗದ ಕೆಲಸವೂ ಇದೆ. ಒಂದೇ ಕೋಶಕ್ಕೆ ಎರಡು ಸಲ ಮದ್ದು ಬಿದ್ದಿದೆಯೇ ಎಂದು ಸಿದ್ಧ ತೋಟೆಯನ್ನು ತೂಗಿ ಕಂಡುಹಿಡಿಯುತ್ತೇನೆ ಎಂದುಕೊಳ್ಳಬೇಡಿ. ಹಿತ್ತಾಳೆ ಕೋಶಗಳ ತೂಕವೇ ಒಂದಕ್ಕೊಂದು ಹಲವು ಗ್ರೇನ್ ಬೇರೆಯಾಗಿರುತ್ತದೆ. ಪಿಸ್ತೂಲ್ ತೋಟೆಯಲ್ಲಿ ಮದ್ದಿನ ವ್ಯತ್ಯಾಸ ಅದರೊಳಗೆ ಅಡಗಿಹೋಗುತ್ತದೆ. ಗುಂಡು ಒತ್ತುವ ಮೊದಲು ದೀಪ ಹಿಡಿದು ಪ್ರತಿ ಕೋಶದೊಳಗೂ ಇಣುಕುವುದಕ್ಕೆ ಬದಲಿ ಇಲ್ಲ.

ಹಳೆಯದೊಂದು ದಂಡದ ತಕ್ಕಡಿಯನ್ನು ಪಕ್ಕದಲ್ಲಿಯೇ ಇಟ್ಟುಕೊಂಡಿದ್ದೇನೆ. ಡಿಜಿಟಲಿನಲ್ಲಿ ತೂಗಿದ ಮದ್ದನ್ನು ಆಗಾಗ ಅದರ ಮೇಲೂ ಇಟ್ಟು ನೋಡುತ್ತೇನೆ. ಎರಡರ ಕೆಲಸದ ರೀತಿಯೇ ಬೇರೆಯಾದ್ದರಿಂದ ಎರಡೂ ಒಂದೇ ಬಗೆಯಲ್ಲಿ ತಪ್ಪುವ ಸಂಭವ ಕಡಿಮೆ. 0.1 ಗ್ರೇನಿಗಿಂತ ಹೆಚ್ಚು ಭಿನ್ನವಾದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಕಾರಣ ಸಿಗುವವರೆಗೆ. 600 ಗಜದಾಚೆಯ ಗುರಿಗೆ ಒಂದೊಂದು ಕಣವನ್ನೂ ಎಣಿಸುವ ಹಂತಕ್ಕೆ ಬಂದವರು ವಿದ್ಯುತ್ಕಾಂತದ ತಕ್ಕಡಿಗೆ ಹಣ ಕೂಡಿಸಲಿ. ನನ್ನ ಗುರಿಗಳೆಲ್ಲ ಅದರ ಈಚೆಗೇ ಇವೆ; ಅಲ್ಲಿ ಈ ಮೂವತ್ತು ಡಾಲರಿನ ತಕ್ಕಡಿ, ತೂಕದ ಕಟ್ಟು, ದಂಡದ ತಕ್ಕಡಿ ಮೂರೂ ಸೇರಿ ನನಗೆ ಸಾಕಾಗಿವೆ.