ಓಟಿ ಬಾಗಿಲಿಗೆ ಗೀಟು ಹಾಕಿದ ಕಥೆ

ನಾನು ಓಟಿ, ಅಂದರೆ ಆಪರೇಷನ್ ಥಿಯೇಟರ್ ನರ್ಸ್. ಹೆಚ್ಚಾಗಿ ಬೆನ್ನುಮೂಳೆ ಆಪರೇಷನ್‌ಗಳಿಗೆ ನಿಲ್ಲುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ರಿಮಿ ಸಾಯಲಿ ಅಂತ ವಾರಕ್ಕೊಮ್ಮೆ ಫಾರ್ಮಲಿನ್ ಹೊಗೆ ಹಾಕುತ್ತಿದ್ದೆವು. ಮರುದಿನ ಒಳಗೆ ಕಾಲಿಟ್ಟಾಗ ಕಣ್ಣು ಉರಿದರೆ ಓಟಿ ಕ್ಲೀನ್ ಅಂತ ಲೆಕ್ಕ. ಗೋಡೆ, ಟೇಬಲ್ ಒರೆಸಿದ ಹತ್ತಿಯಿಂದ (ಸ್ವಾಬ್) ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಅಂತ ನೋಡಲು ತಿಂಗಳಿಗೊಮ್ಮೆ ಮಾಡಿಸುವ ಕಲ್ಚರ್ ವರದಿಯೂ ಚೆನ್ನಾಗೇ ಬರುತ್ತಿತ್ತು. ಬರದೆ ಏನು? ಸ್ವಾಬ್ ತೆಗೆಯುತ್ತಿದ್ದದ್ದು ಬೆಳಗ್ಗೆ, ಖಾಲಿ ಓಟಿಯಲ್ಲಿ!

ಒಮ್ಮೆ ಬೆನ್ನುಮೂಳೆಗೆ ಸ್ಕ್ರೂ ಹಾಕಿದ ರೋಗಿಯೊಬ್ಬರ ಗಾಯದಲ್ಲಿ ಕೀವಾಯಿತು. ಮತ್ತೆ ಓಟಿಗೆ ತಂದು ತೊಳೆಯಬೇಕಾಯಿತು. ಅದು ಗಾಳಿಯಿಂದಲೇ ಬಂತು ಅಂತ ಹೇಳಲು ನನ್ನ ಬಳಿ ಪುರಾವೆ ಇರಲಿಲ್ಲ. ಆದರೂ ಮೈಕ್ರೋಬಯಾಲಜಿ ಮೇಡಂ ಹತ್ತಿರ ಹೋಗಿ, "ಆಪರೇಷನ್ ನಡೆಯುವಾಗಲೇ ಪ್ಲೇಟ್ ಇಡೋಣ್ವಾ ಮೇಡಂ?" ಅಂತ ಕೇಳಿದೆ. ವಿಧಾನ ಸುಲಭ. 9 ಸೆಂ.ಮೀ. ಅಗಲದ ಬ್ಲಡ್ ಅಗರ್ ಪ್ಲೇಟನ್ನು (ಗಾಳಿಯಿಂದ ಬಿದ್ದ ಬ್ಯಾಕ್ಟೀರಿಯಾ ಚುಕ್ಕಿಗಳಾಗಿ ಬೆಳೆಯುವ ತಟ್ಟೆ) ನೆಲದಿಂದ 1 ಮೀಟರ್ ಮೇಲೆ, ಗೋಡೆಯಿಂದ 1 ಮೀಟರ್ ದೂರದಲ್ಲಿ, 1 ಗಂಟೆ ತೆರೆದಿಡುವುದು. ಟ್ರಾಲಿ ಪಕ್ಕ ಒಂದು ಇಟ್ಟೆವು, ಬಾಗಿಲ ಕಡೆ ಒಂದು.

ಬಾಗಿಲ ಕಡೆಯ ಪ್ಲೇಟಿನಲ್ಲಿ ಚುಕ್ಕಿಯೋ ಚುಕ್ಕಿ. ಹೆಚ್ಚಿನವು ಮನುಷ್ಯರ ಚರ್ಮದ ಮೇಲಿರುವ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ. ಗೋಡೆಯದ್ದಲ್ಲ, ನಮ್ಮದೇ! ನಮ್ಮ ಮೈಯಿಂದ ಚರ್ಮದ ಹೊಟ್ಟು ಸದಾ ಉದುರುತ್ತದೆ, ಓಡಾಡಿದಷ್ಟೂ ಜಾಸ್ತಿ. ಬ್ಯಾಕ್ಟೀರಿಯಾ ಅದರ ಮೇಲೆ ಕೂತು ತೇಲುತ್ತವೆ. ಬೆನ್ನಿನ ಗಾಯವೋ ಗಂಟೆಗಟ್ಟಲೆ ಮೇಲ್ಮುಖವಾಗಿ ತೆರೆದಿರುತ್ತದೆ. ಒಳಗೆ ಬೇರೆ ಲೋಹ ಕೂರುತ್ತದೆ. ಲೋಹಕ್ಕೆ ಅಂಟಿ ಪದರ ಕಟ್ಟಿದ ಬ್ಯಾಕ್ಟೀರಿಯಾ ಆಂಟಿಬಯಾಟಿಕ್‌ಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ನಮ್ಮಲ್ಲಿ ಗಾಳಿಯ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್, ಶುದ್ಧ ಗಾಳಿಯನ್ನು ಒಂದೇ ದಿಕ್ಕಿಗೆ ಹರಿಸುವ ಲ್ಯಾಮಿನಾರ್ ಫ್ಲೋ ಎಲ್ಲ ಇದೆ. ಹೊರಗಿನ ಗಾಳಿ ನುಗ್ಗದಂತೆ ಓಟಿಯೊಳಗೆ ಒತ್ತಡ ಸ್ವಲ್ಪ ಹೆಚ್ಚಿರುತ್ತದೆ. ಬಾಗಿಲು ತೆಗೆದರೆ ಅದೂ ಇಳಿಯುತ್ತದೆ. ಹಾಗಾಗಿ ಒಂದು ದಿನ ಬಾಗಿಲು ತೆರೆದಾಗಲೆಲ್ಲ ಗೀಟು ಹಾಕಲು ನಮ್ಮ ಅಟೆಂಡರ್ ಅಕ್ಕನಿಗೆ ಹೇಳಿದೆ. "ಇದೇನ್ ಸಿಸ್ಟರ್, ಹಾಲಿನ ಲೆಕ್ಕಾನಾ?" ಅಂತ ನಕ್ಕರು. ಸಂಜೆಗೆ ಹಾಳೆಯ ಎರಡೂ ಬದಿ ತುಂಬಿತ್ತು. ಸ್ಕ್ರೂ ಸೈಜ್ ಹುಡುಕಲು ಹೋದವರು, ಮುಂದಿನ ಕೇಸ್ ಯಾವಾಗ ಅಂತ ಇಣುಕಿದವರು, ಸುಮ್ನೆ ನೋಡಲು ಬಂದವರು. ಒಂದೆರಡು ಗೀಟು ನನ್ನವೂ ಇದ್ದವು.

ಅಲ್ಲಿಂದ ಹಿಂದಿನ ದಿನವೇ ಸರ್ಜನ್ ಜೊತೆ ಸಿ.ಟಿ. ನೋಡಿ ಸ್ಕ್ರೂ ಅಳತೆ ಬರೆದುಕೊಳ್ಳತೊಡಗಿದೆ. 6.5 ಮಿ.ಮೀ. ದಪ್ಪದ್ದು ಬೇಕೆಂದರೆ 5.5 ಮತ್ತು 7.5 ಕೂಡ ಮೊದಲೇ ಒಳಗೆ ತಂದಿಡುವುದು. ಸಿ-ಆರ್ಮ್ (ಆಪರೇಷನ್ ನಡುವೆ ಎಕ್ಸ್-ರೇ ತೋರಿಸುವ ಯಂತ್ರ) ಕೂಡ ರೋಗಿಗೆ ಡ್ರೇಪ್ (ಸ್ಟೆರೈಲ್ ಹೊದಿಕೆ) ಹಾಕುವ ಮೊದಲೇ ಒಳಗೆ ಬರುತ್ತದೆ. ಇಣುಕುವವರಿಗೆ ಇಂಟರ್‌ಕಾಮ್ ಇದೆ.

ನನಗೆ ಹೆಚ್ಚು ತಲೆ ತಿಂದದ್ದು ಇಂಪ್ಲಾಂಟ್ ಟ್ರೇ, ಅಂದರೆ ಮೈಯೊಳಗೆ ಕೂರಿಸುವ ಸ್ಕ್ರೂಗಳಿರುವ ಟ್ರೇ. ಮೊದಲು ಆಪರೇಷನ್ ಶುರುವಾಗುವಾಗಲೇ ಎಲ್ಲ ಬಿಚ್ಚಿ ಚಂದವಾಗಿ ಜೋಡಿಸುತ್ತಿದ್ದೆ. ಮೂಳೆ ಕಾಣುವಷ್ಟರಲ್ಲಿ ಅವು ಎಷ್ಟೋ ಹೊತ್ತು ಗಾಳಿಗೆ ಬಿದ್ದಿರುತ್ತಿದ್ದವು. ಈಗ ಸ್ಕ್ರೂ ಟ್ರೇ ಬಿಚ್ಚುವುದು ಸರ್ಜನ್ ಕೇಳುವ ಹೊತ್ತಿಗೇ. ಉಳಿದ ಟ್ರಾಲಿಯ ಮೇಲೆ ಸ್ಟೆರೈಲ್ (ಕ್ರಿಮಿ ಇಲ್ಲದ) ಬಟ್ಟೆ. ಇದರಲ್ಲೂ ಒಂದು ಎಡವಟ್ಟು ಮಾಡಿದ್ದೆ. ಒಂದೇ ದೊಡ್ಡ ಬಟ್ಟೆ ಹೊದಿಸಿ, ತೆಗೆಯುವಾಗ ಟ್ರಾಲಿಯ ಕೆಳಗೆ ಜೋತಿದ್ದ ಅಂಚನ್ನು ಉಪಕರಣಗಳ ಮೇಲೇ ಎಳೆದುಬಿಟ್ಟೆ. ಟ್ರಾಲಿ ಮಟ್ಟಕ್ಕಿಂತ ಕೆಳಗಿನದ್ದು ಸ್ಟೆರೈಲ್ ಅಲ್ಲ ಅಂತ ವಿದ್ಯಾರ್ಥಿಗಳಿಗೆ ಹೇಳಿಕೊಡುವವಳೇ ನಾನು! ಇಡೀ ಟ್ರಾಲಿ ಮತ್ತೆ ಹಾಕಬೇಕಾಯಿತು. ಈಗ ಎರಡು ಬಟ್ಟೆ, ನಡುವೆ ಒಂದರ ಮೇಲೊಂದು ಬರುವ ಹಾಗೆ. ಅಂಚು ಮಡಚಿಟ್ಟು, ಆಚೆಗೊಂದು ಈಚೆಗೊಂದು ಎತ್ತಿ ತೆಗೆಯುತ್ತೇನೆ.

ಸೋಂಕು ಇಷ್ಟು ಕಡಿಮೆಯಾಯಿತು ಅಂತ ಹೇಳಿಕೊಳ್ಳಲಾರೆ. ನಮ್ಮಲ್ಲಿ ಮೊದಲೂ ಅಪರೂಪವೇ, ಕೇಸುಗಳೂ ಕಡಿಮೆ. ಗೀಟುಗಳಂತೂ ಈಗ ಹಾಳೆಯ ಒಂದೇ ಬದಿಗೆ ಸಾಲುತ್ತವೆ. ಊಟದ ಹೊತ್ತಿಗೆ ಅನಸ್ತೇಶಿಯಾ ಡಾಕ್ಟರ್ ಬದಲಾಗುವಾಗ ಮಾತ್ರ ಒಟ್ಟಿಗೇ ನಾಲ್ಕೈದು ಬೀಳುತ್ತವೆ. ಅದಕ್ಕೆ ಇನ್ನೂ ಉಪಾಯ ಸಿಕ್ಕಿಲ್ಲ.