ಲೆಕ್ಕದವನ ಕಣ್ಣಿನಲ್ಲಿ ಶ್ರೀರಂಗಪಟ್ಟಣ

ನನ್ನ ಕಾದಂಬರಿಯ ಮೊದಲ ಕರಡಿನ ತುಂಬ ಯುದ್ಧಗಳೇ ಇದ್ದವು. ಕಳಲೆ ಮನೆತನದ ದಳವಾಯಿಗಳು, ಎಂದರೆ ಮೈಸೂರಿನ ಸೇನಾಧಿಪತಿಗಳು, 1734ರಲ್ಲಿ ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟಲ್ಲಿಂದ ಕಥೆ ಹೊರಡುತ್ತಿತ್ತು. 1761ರಲ್ಲಿ ಮೈಸೂರು ಪೂರ್ತಿಯಾಗಿ ಹೈದರಾಲಿಯ ಕೈಸೇರುವಲ್ಲಿ ಮುಗಿಯುತ್ತಿತ್ತು. ಆರುನೂರು ಪುಟ ಓದಿದ ಗೆಳೆಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲರ ಕೈಯಲ್ಲೂ ಕತ್ತಿ ಇದೆ, ಸರಿ. ಆದರೆ ಅಧಿಕಾರ ಯಾರ ಕೈಯಲ್ಲಿದೆ?” ಉತ್ತರ ನನಗೂ ಗೊತ್ತಿರಲಿಲ್ಲ. ಹಸ್ತಪ್ರತಿಯನ್ನು ಎರಡು ವರ್ಷ ಮುಟ್ಟಲಿಲ್ಲ.

ಮತ್ತೆ ಅದನ್ನು ಕೈಗೆತ್ತಿಕೊಳ್ಳುವಂತೆ ಮಾಡಿದ್ದು 1758ರ ಒಂದು ಘಟನೆ. ಅರಸನ ಹೆಸರಿನಲ್ಲಿ ಮೈಸೂರನ್ನು ಆಳುತ್ತಿದ್ದ ಸರ್ವಾಧಿಕಾರಿ, ಅದೇ ಕಳಲೆ ಮನೆತನದ ನಂಜರಾಜಯ್ಯ ತಿರುಚಿರಾಪಳ್ಳಿಯ ಆಸೆಗೆ ಬಿದ್ದು ಮೂರು ವರ್ಷ ಸೈನ್ಯ ಕಟ್ಟಿಕೊಂಡು ಅಲ್ಲೇ ಕುಳಿತ. ಕೋಟೆ ಸಿಗಲಿಲ್ಲ, ಬೊಕ್ಕಸ ಕರಗಿತು. ಅದರ ಬೆನ್ನಿಗೇ 1755ರಲ್ಲಿ ಹೈದರಾಬಾದಿನ ಸಲಾಬತ್ ಜಂಗ್ ಫ್ರೆಂಚರ ಪಡೆಯೊಡನೆ ಬಂದು ಪೊಗದಿ, ಅಂದರೆ ಕಪ್ಪ, ಕೇಳಿದ. ದೇವಸ್ಥಾನಗಳ ಒಡವೆಗಳನ್ನೂ ತೆಗೆದುಕೊಡಬೇಕಾಯಿತು. ಇತ್ತ ಸಿಪಾಯಿಗಳ ಸಂಬಳ ಬಾಕಿ ಬೆಳೆಯುತ್ತಲೇ ಹೋಯಿತು. ಕೊನೆಗೆ ಅವರು ನಂಜರಾಜಯ್ಯನ ಮನೆ ಬಾಗಿಲಲ್ಲಿ ಧರಣಿ ಕೂತರು. ಅಂದಿನ ಧರಣಿಯಲ್ಲಿ ಕೂತವನೂ ಉಣ್ಣುವಂತಿಲ್ಲ, ಬಾಕಿ ಕೊಡಬೇಕಾದವನೂ ಉಣ್ಣುವಂತಿಲ್ಲ. ಇಡೀ ರಾಜ್ಯವನ್ನು ಆಳುತ್ತಿದ್ದವನು ತನ್ನ ಮನೆಯಲ್ಲೇ ಹಸಿದು ಕುಳಿತಿದ್ದಾನೆ! ಆಗ ಅವನ ಕೈಕೆಳಗಿನ ಸೇನಾನಾಯಕ ಹೈದರ್ ಬಂದು, ಬಾಕಿಯ ಲೆಕ್ಕ ತೆಗೆಸಿ, ಸುಳ್ಳು ಬಾಬತ್ತುಗಳನ್ನು ಕಳೆದು, ಉಳಿದದ್ದನ್ನು ತೀರಿಸುವ ಏರ್ಪಾಡು ಮಾಡಿದ. ಸೈನ್ಯ ಅಂದಿನಿಂದ ಅವನದಾಯಿತು. ಗೆಳೆಯರ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ಹೈದರನಿಗೆ ಓದುಬರಹ ಬಾರದು. ಹಾಗಾದರೆ ಆ ಲೆಕ್ಕ ನೋಡಿದವನು ಯಾರು? ಅವನ ಲೆಕ್ಕಪತ್ರಗಳ ಮನುಷ್ಯ ಖಂಡೇರಾವ್. ನನ್ನ ನಾಯಕ ಸಿಕ್ಕಿದ್ದು ಹೀಗೆ. ಹಳೆಯ ಕರಡಿನಲ್ಲಿ ಅವನಿಗೆ ಎರಡೇ ಪುಟ ಕೊಟ್ಟಿದ್ದೆ.

ಅವನ ಕೈಗೆ ಏನು ಕೊಡಬೇಕು ಎಂದು ಹುಡುಕುವಾಗ ಕಡತದ ವಿಷಯ ತಿಳಿದುಕೊಂಡೆ. ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪಾಗಿಸಿದ ಬಟ್ಟೆ. ಮಡಿಸಿ ಇಡಬಹುದು, ಬಳಪದಲ್ಲಿ ಬರೆಯಬಹುದು, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಒಂದನ್ನು ನಾನೇ ಮನೆಯಲ್ಲಿ ಮಾಡಿ ನೋಡಿದೆ. ಮೂರನೆಯ ಸಲ ಅಂಟು ಹದವಾಯಿತು. ಅದರ ಮೇಲೆ ಬಳಪ ಎಳೆದಾಗ ಬರುವ ಸದ್ದು ಕೇಳಿದ ಮೇಲೆಯೇ ಖಂಡೇರಾವ್ ನನ್ನ ಜೊತೆ ಮಾತನಾಡತೊಡಗಿದ. ಮಹತ್ವಾಕಾಂಕ್ಷೆ ಎಂಬ ಪದವನ್ನು ಅಲ್ಲಿಂದಾಚೆ ಕಾದಂಬರಿಯಲ್ಲಿ ಎಲ್ಲಿಯೂ ಬಳಸಲಿಲ್ಲ. ಅವನು ಒಂದು ಅಂಕಿಯನ್ನು ಒರೆಸಲು ಕೈಯೆತ್ತಿ, ಒರೆಸದೆ ಬಿಡುತ್ತಾನೆ. ಅಷ್ಟು ಸಾಕಿತ್ತು.

1760ರ ಆಗಸ್ಟ್‌ನಲ್ಲಿ ಇದೇ ಮನುಷ್ಯ ಅರಮನೆಯ ಪಕ್ಷ ಸೇರಿ ತನ್ನ ಯಜಮಾನನ ಮೇಲೆ ಫಿರಂಗಿ ತಿರುಗಿಸಿದ. ಹೆಂಡಿರು ಮಕ್ಕಳನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು ಹೈದರ್ ರಾತ್ರಿ ಕಾವೇರಿ ದಾಟಿ ಬೆಂಗಳೂರಿನ ದಾರಿ ಹಿಡಿದ. ಈ ಅಧ್ಯಾಯವನ್ನು ಬೇಸಿಗೆಯಲ್ಲಿ ಬಂಡೆ ಕಾಣುವ ಹೊಳೆ ನೋಡಿಬಂದು ಬರೆದಿದ್ದೆ, ಪೂರಾ ತಪ್ಪಾಗಿತ್ತು. ಮರುವರ್ಷ ಆಗಸ್ಟ್‌ನಲ್ಲೇ ಹೋಗಿ ದಡದಲ್ಲಿ ನಿಂತೆ. ಕೆಂಪು ನೀರು ಕೋಟೆಯ ಬುಡ ತಿಕ್ಕಿಕೊಂಡು ಹರಿಯುತ್ತಿತ್ತು. ಇಂದು ಮೇಲೆ ಕನ್ನಂಬಾಡಿ ಕಟ್ಟೆ ಇದೆ, ಅಂದು ಅದೂ ಇರಲಿಲ್ಲ. ಐತಿಹಾಸಿಕ ಕಾದಂಬರಿ ಬರೆಯುವವರಿಗೆ ನಾನು ಒತ್ತಿ ಹೇಳುವುದು ಇದೊಂದನ್ನೇ: ಜಾಗಕ್ಕೆ ಹೋಗುವುದಾದರೆ ಆ ಘಟನೆ ನಡೆದ ತಿಂಗಳಲ್ಲೇ ಹೋಗಿ.

ಖಂಡೇರಾವ್ ಸೋತದ್ದು ಕಾಗದದಿಂದ. ಅವನ ಸೇನಾನಾಯಕರು ಅವನನ್ನು ಹಿಡಿದುಕೊಡಲು ಒಪ್ಪಿದ್ದಾರೆ ಎಂಬರ್ಥ ಬರುವಂತೆ, ನಂಜರಾಜಯ್ಯನ ಹೆಸರಿನಲ್ಲಿ ಹೈದರ್ ಪತ್ರಗಳನ್ನು ಬರೆಸಿದ. ಅವು ಖಂಡೇರಾವನ ಕೈಗೇ ಬೀಳುವಂತೆ ನೋಡಿಕೊಂಡ. ಅವನು ಓದಿದ, ನಂಬಿದ, ಸೈನ್ಯವನ್ನು ಬಿಟ್ಟು ಓಡಿದ. ಓದುಬರಹ ಬಾರದವನು ಓದುಬರಹವೇ ಬದುಕಾಗಿದ್ದವನನ್ನು ಅಕ್ಷರದಿಂದ ಕೆಡವಿದ ಈ ಸನ್ನಿವೇಶಕ್ಕೆ ನಾನು ಒಂದು ಸಾಲು ಅಲಂಕಾರವನ್ನೂ ಸೇರಿಸಲಿಲ್ಲ.

ಸೋತವನ ಪ್ರಾಣ ಉಳಿಸುವಂತೆ ಅರಮನೆಯವರು ಬೇಡಿಕೊಂಡಾಗ, ಗಿಣಿಯಂತೆ ಸಾಕುತ್ತೇನೆ ಎಂದು ಹೈದರ್ ಹೇಳಿಕಳಿಸಿದನಂತೆ. ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದ. ಇಲ್ಲಿ ಹನ್ನೊಂದು ಪುಟಗಳ ಸ್ವಗತ ಬರೆದಿದ್ದೆ. ಎಲ್ಲ ಹರಿದುಹಾಕಿದೆ. ಈಗ ಉಳಿದಿರುವುದು ಒಂದು ಪುಟ: ಹಾಲಿನಲ್ಲಿ ಬೆರಳದ್ದಿ ಅವನು ಪಂಜರದ ನೆಲದ ಮೇಲೆ ಕೂಡುತ್ತಾನೆ, ಕಳೆಯುತ್ತಾನೆ, ಮೊತ್ತ ಬರೆಯುವಷ್ಟರಲ್ಲಿ ಮೇಲಿನ ಸಾಲು ಒಣಗಿರುತ್ತದೆ.

ಆದರೆ ಗಿಣಿಯ ಮಾತು ಅರಮನೆಗೆ ತಲುಪಿದ ಗಳಿಗೆ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಖಂಡೇರಾವನನ್ನು ಹೈದರನ ವಿರುದ್ಧ ಎಳೆದದ್ದು ಅಲ್ಲಿಯ ರಾಜಮಾತೆ. ಆ ಉತ್ತರ ಕೇಳಿ ಆಕೆ ಎದ್ದು ಒಳಗೆ ಹೋದಳೇ, ಅಲ್ಲೇ ಕುಳಿತಿದ್ದಳೇ? ಎರಡನ್ನೂ ಬರೆದಿಟ್ಟಿದ್ದೇನೆ. ಈ ಆಗಸ್ಟ್‌ನಲ್ಲಿ ಮತ್ತೊಮ್ಮೆ ಶ್ರೀರಂಗಪಟ್ಟಣಕ್ಕೆ ಹೋಗಿಬಂದು ಆರಿಸುತ್ತೇನೆ.