ಸಿಂಥೆಟಿಕ್ ಬಟ್ಟೆಗೆ ಎಚ್‌ಎಸ್ ಕೋಡ್: ನಾನು ಹುಡುಕುವುದು ಹೀಗೆ

ಜಾರ್ಜೆಟ್, ಶಿಫಾನ್, ಟಫೆಟಾ, ಸ್ಯಾಟಿನ್. ಇನ್‌ವಾಯ್ಸ್‌ನಲ್ಲಿ ಬರುವ ಈ ಹೆಸರುಗಳನ್ನು ನೋಡಿ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಅಂಕಿ, ಹಾಕಲು ಆಗುವುದಿಲ್ಲ. ಜಾರ್ಜೆಟ್ ರೇಷ್ಮೆಯಲ್ಲೂ ಇದೆ, ಪಾಲಿಯೆಸ್ಟರ್‌ನಲ್ಲೂ ಇದೆ. ರೇಷ್ಮೆಯದಾದರೆ ಕೋಡ್ ಪಟ್ಟಿಯ 50ನೇ ಅಧ್ಯಾಯ (ಕೋಡ್‌ನ ಮೊದಲ ಎರಡು ಅಂಕಿಯೇ ಅಧ್ಯಾಯ), ಪಾಲಿಯೆಸ್ಟರ್ ಫಿಲಮೆಂಟ್ (ತುಂಡಾಗದ ಉದ್ದ ಎಳೆ) ಆದರೆ 54. ಅದಕ್ಕೇ ಯಾರಾದರೂ ಫೋನ್ ಮಾಡಿ "ಜಾರ್ಜೆಟ್‌ಗೆ ಕೋಡ್ ಎಷ್ಟು ಸಾರ್?" ಎಂದರೆ ನಾನು ಮೊದಲು ಕೇಳುವುದು ಸ್ಯಾಂಪಲ್. ಅಂಗೈ ಅಗಲದ ಒಂದು ತುಂಡು ಸಾಕು.

ಕೋಡ್‌ನ ಮೊದಲ ಆರು ಅಂಕಿ ಎಲ್ಲ ಕಡೆ ಒಂದೇ. ವಿಶ್ವ ಕಸ್ಟಮ್ಸ್ ಸಂಸ್ಥೆಯ ಈ ಪಟ್ಟಿ 1988ರ ಜನವರಿ 1ರಿಂದ ಜಾರಿಯಲ್ಲಿದೆ, ನಾನು ಈಗ ಬಳಸುವುದು 2022ರ ಆವೃತ್ತಿ. ಆರರ ನಂತರದ ಅಂಕಿಗಳು ಆಯಾ ದೇಶದ್ದು. ಅಮೆರಿಕದಲ್ಲಿ ಒಟ್ಟು ಹತ್ತು ಅಂಕಿ, ಯುರೋಪಿಯನ್ ಒಕ್ಕೂಟದಲ್ಲಿ ಆಮದಿಗೆ ಹತ್ತು. ನನ್ನ ಶ್ರಮವೆಲ್ಲ ಆ ಮೊದಲ ಆರಕ್ಕೇ ಹೋಗುತ್ತದೆ.

ಬಟ್ಟೆ ಕೈಗೆ ಬಂದ ಕೂಡಲೇ ಅದು ನೇಯ್ದದ್ದೋ ಹೆಣೆದದ್ದೋ ನೋಡುತ್ತೇನೆ. ಭೂತಗನ್ನಡಿಯ ಕೆಳಗೆ ಹಾಸು, ಹೊಕ್ಕು ಎರಡೂ ಅಡ್ಡಡ್ಡ ದಾಟಿದ್ದು ಕಂಡರೆ ನೇಯ್ದ ಬಟ್ಟೆ. ಕುಣಿಕೆ ಕಂಡರೆ ಅದು ಹೆಣಿಗೆ, 60ನೇ ಅಧ್ಯಾಯ, ಅಲ್ಲಿಗೆ ಈ ಲೆಕ್ಕ ಮುಗಿಯಿತು. ಮಖಮಲ್ಲಿನಂತೆ ಮೇಲೆ ಜುಂಗು ಇದ್ದರೆ 5801. ಎರಡೂ ಕಡೆ ಅಂಚಿದ್ದು ಅಗಲ 30 ಸೆಂ.ಮೀ. ಮೀರದಿದ್ದರೆ 5806.

ಇನ್ನು ನನಗೆ ತುಂಬಾ ಇಷ್ಟವಾದ ಕೆಲಸ, ಎಳೆ ಬಿಡಿಸುವುದು. ಹಾಸಿನಿಂದ ಒಂದು, ಹೊಕ್ಕಿನಿಂದ ಒಂದು ನೂಲು ಹೊರಗೆ ಎಳೆಯುತ್ತೇನೆ. ಎರಡನ್ನೂ ನೋಡಲೇಬೇಕು, ಏಕೆಂದರೆ ಹಾಸು ಒಂದು ಬಗೆ, ಹೊಕ್ಕು ಇನ್ನೊಂದು ಬಗೆ ಇರುವ ಬಟ್ಟೆ ಬೇಕಾದಷ್ಟಿದೆ. ನೂಲಿನ ಹುರಿಯನ್ನು ಬೆರಳಿನಲ್ಲಿ ಹಿಂದಕ್ಕೆ ತಿರುಗಿಸಿ ಮೆಲ್ಲಗೆ ಎಳೆದಾಗ ಅದು ಸುಲಭವಾಗಿ ಕಳಚಿಕೊಂಡು ತುದಿಯಲ್ಲಿ ಚಿಕ್ಕ ಚಿಕ್ಕ ನಾರು ಉಳಿದರೆ ಸ್ಟೇಪಲ್ (ತುಂಡು ನಾರು), ಸಿಂಥೆಟಿಕ್ ಆದರೆ 55ನೇ ಅಧ್ಯಾಯ. ಹುರಿ ಬಿಚ್ಚಿದ ಮೇಲೂ ಎಳೆಗಳು ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದಕ್ಕೆ ಹೋದರೆ ಫಿಲಮೆಂಟ್, ಅದು 54. ಫಿಲಮೆಂಟ್ ಆದರೆ ಇನ್ನೂ ಒಂದು ಪ್ರಶ್ನೆ ಇದೆ: ಟೆಕ್ಸ್ಚರ್ಡ್ ಹೌದೋ ಅಲ್ಲವೋ? ಟೆಕ್ಸ್ಚರ್ಡ್ ಎಳೆ ಸಣ್ಣಗೆ ಸುರುಳಿ ಸುತ್ತಿಕೊಂಡಿರುತ್ತದೆ. ಎಳೆದರೆ ನೇರವಾಗುತ್ತದೆ, ಬಿಟ್ಟರೆ ಮತ್ತೆ ಮುದುಡುತ್ತದೆ. ಪಾಲಿಯೆಸ್ಟರ್‌ನಲ್ಲಿ ಈ ವ್ಯತ್ಯಾಸ ಆರು ಅಂಕಿಯಲ್ಲೇ ಕಾಣುತ್ತದೆ. ಟೆಕ್ಸ್ಚರ್ಡ್ ಫಿಲಮೆಂಟ್ ತೂಕದಲ್ಲಿ 85% ಅಥವಾ ಜಾಸ್ತಿ ಇದ್ದರೆ 5407.51ರಿಂದ 5407.54ರೊಳಗೆ. ಟೆಕ್ಸ್ಚರ್ಡ್ ಅಲ್ಲದ್ದು ಅಷ್ಟಿದ್ದರೆ 5407.61. ಎರಡೂ ಸೇರಿ 85% ಮುಟ್ಟಿದರೆ 5407.69.

ನಾರು ಯಾವುದೆಂದು ಅಂದಾಜು ಮಾಡಲು ಎಳೆ ಸುಟ್ಟು ನೋಡುವವರಿದ್ದಾರೆ, ನಾನೂ ನೋಡುತ್ತೇನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಹತ್ತಿ ಮತ್ತು ವಿಸ್ಕೋಸ್ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತವೆ. ಆದರೆ ಅದರಿಂದ ಶೇಕಡಾ ಎಷ್ಟು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಲ್ಯಾಬ್ ರಿಪೋರ್ಟ್ ಬೇಕು. 80% ಫಾರ್ಮಿಕ್ ಆಮ್ಲದಲ್ಲಿ ನೈಲಾನ್ ಕರಗುತ್ತದೆ, ಪಾಲಿಯೆಸ್ಟರ್ ಉಳಿಯುತ್ತದೆ. 75% ಗಂಧಕಾಮ್ಲದಲ್ಲಿ ಹತ್ತಿ ಕರಗುತ್ತದೆ. ಲ್ಯಾಬ್‌ನವರು ಹೀಗೆ ಒಂದೊಂದನ್ನೇ ಕರಗಿಸಿ, ಉಳಿದದ್ದನ್ನು ತೂಗಿ ಲೆಕ್ಕ ಕೊಡುತ್ತಾರೆ. ಒಂದು ಮಾತು: ವಿಸ್ಕೋಸ್ ಮತ್ತು ಅಸಿಟೇಟ್ ಸಿಂಥೆಟಿಕ್ ಗುಂಪಿಗೆ ಬರುವುದಿಲ್ಲ. ಅವು ಮರದ ತಿರುಳಿನಂಥ ಸೆಲ್ಯುಲೋಸ್‌ನಿಂದ ಆದವು, ಪಟ್ಟಿಯಲ್ಲಿ 'ಆರ್ಟಿಫಿಶಿಯಲ್'. ಅವುಗಳ ಫಿಲಮೆಂಟ್ ಬಟ್ಟೆ 5408, ಸ್ಟೇಪಲ್ ಬಟ್ಟೆ 5516.

ಮಿಶ್ರ ಬಟ್ಟೆ ಬಂದಾಗಲೇ ನಿಜವಾದ ಪರೀಕ್ಷೆ. ತೂಕದಲ್ಲಿ ಯಾವುದು ಹೆಚ್ಚೋ ಅದರ ಅಧ್ಯಾಯ ಎಂಬ ನಿಯಮ ಎಲ್ಲರಿಗೂ ಗೊತ್ತು. ಪಟ್ಟಿಯ ಜವಳಿ ಭಾಗವಾದ 11ನೇ ವಿಭಾಗದ 2ನೇ ಟಿಪ್ಪಣಿಯನ್ನು ಪೂರ್ತಿ ಓದಿದವರು ಕಡಿಮೆ. 54 ಮತ್ತು 55ನೇ ಅಧ್ಯಾಯಗಳು ಬೇರೊಂದು ಅಧ್ಯಾಯದ ಎದುರು ನಿಂತಾಗ ಅವೆರಡನ್ನೂ ಒಂದೇ ಅಧ್ಯಾಯ ಎಂದು ಎಣಿಸಬೇಕು. ಒಂದು ಬಟ್ಟೆ ತೆಗೆದುಕೊಳ್ಳಿ: ಹತ್ತಿ 40%, ಪಾಲಿಯೆಸ್ಟರ್ ಫಿಲಮೆಂಟ್ 35%, ವಿಸ್ಕೋಸ್ ಸ್ಟೇಪಲ್ 25%. ಮೇಲ್ನೋಟಕ್ಕೆ ಹತ್ತಿಯೇ ದೊಡ್ಡದು, 52ನೇ ಅಧ್ಯಾಯ ಅನಿಸುತ್ತದೆ ಅಲ್ವಾ? ಆದರೆ 35 ಮತ್ತು 25 ಸೇರಿ 60 ಆಯಿತು, ಹತ್ತಿ ಸೋತಿತು. ಈಗ ಹತ್ತಿಯನ್ನು ಪಕ್ಕಕ್ಕಿಟ್ಟು ಉಳಿದೆರಡನ್ನು ಹೋಲಿಸಬೇಕು. 35 ದೊಡ್ಡದು, ಹಾಗಾಗಿ 5407. ಉಪಶೀರ್ಷಿಕೆಗೆ, ಅಂದರೆ ಐದು ಮತ್ತು ಆರನೇ ಅಂಕಿಗೆ ಬಂದಾಗ ಹತ್ತಿ ಮತ್ತೆ ಲೆಕ್ಕಕ್ಕೆ ಬರುತ್ತದೆ. ಸಿಂಥೆಟಿಕ್ ಫಿಲಮೆಂಟ್ 85%ಗಿಂತ ಕಡಿಮೆ, ಬೆರೆತದ್ದರಲ್ಲಿ ಹತ್ತಿಯೇ ಮುಖ್ಯ, ಆದ್ದರಿಂದ 5407.81ರಿಂದ 84ರೊಳಗೆ. ಈ ಲೆಕ್ಕವನ್ನು ನಾನು ಯಾವಾಗಲೂ ಕಾಗದದ ಮೇಲೆ ಬರೆದೇ ಮಾಡುತ್ತೇನೆ, ಅದೇ ಹಾಳೆಯನ್ನು ಫೈಲಿಗೆ ಸೇರಿಸುತ್ತೇನೆ.

ಸ್ಟ್ರೆಚ್ ಬಟ್ಟೆಯನ್ನೂ ಹೀಗೇ ಎಚ್ಚರದಿಂದ ನೋಡಬೇಕು. ಪಾಲಿಯೆಸ್ಟರ್ ಫಿಲಮೆಂಟ್ 82%, ಎಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ ನಾರು) 18% ಇದ್ದರೆ ಪಾಲಿಯೆಸ್ಟರ್ 85% ಮುಟ್ಟುವುದಿಲ್ಲ. ಆದರೆ ಎಲಾಸ್ಟೇನ್ ಕೂಡ ಸಿಂಥೆಟಿಕ್ ಫಿಲಮೆಂಟೇ. ಎರಡೂ ಸೇರಿ ನೂರು, ಹಾಗಾಗಿ 5407.71ರಿಂದ 74.

ಸ್ಟೇಪಲ್ ಬದಿಗೆ ಹೋದರೆ ತಕ್ಕಡಿ ಬೇಕು. ಸಿಂಥೆಟಿಕ್ ಸ್ಟೇಪಲ್ 85% ಅಥವಾ ಜಾಸ್ತಿ ಇದ್ದರೆ 5512, ಅಲ್ಲಿ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ತೂಕ) ಮುಖ್ಯವಲ್ಲ. ಅದಕ್ಕಿಂತ ಕಡಿಮೆ ಇದ್ದು ಮುಖ್ಯವಾಗಿ ಹತ್ತಿ ಬೆರೆತಿದ್ದರೆ 170 ಗ್ರಾಂ ಗಡಿ: ಚದರ ಮೀಟರಿಗೆ 170 ಗ್ರಾಂವರೆಗೆ 5513, ಮೀರಿದರೆ 5514. ಜಿಎಸ್‌ಎಂ ಕಟರ್‌ನಿಂದ 100 ಚದರ ಸೆಂ.ಮೀ. ದುಂಡು ತುಂಡು ಕತ್ತರಿಸಿ, ಬಂದ ಗ್ರಾಂ ಅನ್ನು ನೂರರಿಂದ ಗುಣಿಸಿದರೆ ಆಯಿತು. ಥಾನಿನ ಒಂದೇ ಜಾಗದಿಂದ ತೆಗೆಯದೆ ಅಲ್ಲಲ್ಲಿ ತೆಗೆಯಬೇಕು. 168, 171 ಎಂದು ಗಡಿಯಲ್ಲೇ ಓಲಾಡುವ ಬಟ್ಟೆಗೆ ನಾನು ನನ್ನ ತಕ್ಕಡಿಯನ್ನು ನಂಬುವುದಿಲ್ಲ, ಗಾಳಿಯ ತೇವವೇ ತೂಕ ಬದಲಿಸುತ್ತದೆ. ತೇವ ಹದಕ್ಕೆ ತಂದು ತೂಗುವ ಲ್ಯಾಬ್‌ಗೇ ಕಳಿಸುತ್ತೇನೆ. ಪ್ಯಾಂಟಿನ ಪಾಲಿಯೆಸ್ಟರ್-ವಿಸ್ಕೋಸ್ ಬಟ್ಟೆಗೆ ಈ ತಾಪತ್ರಯ ಇಲ್ಲ. ಎರಡೂ ಸ್ಟೇಪಲ್ ಆಗಿದ್ದು, 85% ಮುಟ್ಟದ ಪಾಲಿಯೆಸ್ಟರ್ ಹೆಚ್ಚಿದ್ದರೆ ನೇರ 5515.11.

ಕೋಟಿಂಗ್ ವಿಷಯದಲ್ಲಿ ಜಗಳ ಜಾಸ್ತಿ. ಬ್ಯಾಗಿನ ನೈಲಾನ್ ಬಟ್ಟೆಯ ಹಿಂಬದಿಗೆ ಪಾಲಿಯುರೆಥೇನ್ ಬಳಿದಿದ್ದರೆ ಅದು 5407 ಬಿಟ್ಟು 5903.20ಕ್ಕೆ ಹೋಗಬಹುದು. ಹೋಗಬೇಕಾದರೆ ಆ ಲೇಪ ಬರಿಗಣ್ಣಿಗೆ ಕಾಣಬೇಕು ಎಂದು 59ನೇ ಅಧ್ಯಾಯದ 2ನೇ ಟಿಪ್ಪಣಿ ಹೇಳುತ್ತದೆ. ಬಣ್ಣ ಬದಲಾದದ್ದು ಲೆಕ್ಕಕ್ಕಿಲ್ಲ. ಇಲ್ಲಿ ನಾನು ಭೂತಗನ್ನಡಿ ಪಕ್ಕಕ್ಕಿಡುತ್ತೇನೆ. ಕಿಟಕಿಯ ಬೆಳಕಿಗೆ ಬಟ್ಟೆಯನ್ನು ಓರೆಯಾಗಿ ಹಿಡಿದು, ನೇಯ್ಗೆಯ ಸಂದುಗಳು ತುಂಬಿಕೊಂಡಿವೆಯೇ, ಹಿಂಬದಿ ಪೊರೆಯಂತೆ ಕಾಣುತ್ತಿದೆಯೇ ನೋಡುತ್ತೇನೆ. ನೀರು ಜಾರಲಿ ಎಂದು ಮಾಡುವ ಸಾಮಾನ್ಯ ಫಿನಿಶ್ ಕಣ್ಣಿಗೆ ಕಾಣುವುದಿಲ್ಲ, ಆ ಬಟ್ಟೆ 5407ರಲ್ಲೇ ಉಳಿಯುತ್ತದೆ. ಎರಡೂ ಬದಿ ಪೂರ್ತಿ ಪ್ಲಾಸ್ಟಿಕ್ ಮುಚ್ಚಿದ್ದು ಅದು ಕಣ್ಣಿಗೆ ಕಂಡರೆ 39ನೇ ಅಧ್ಯಾಯ. ಪಾಲಿಥೀನ್ ಪಟ್ಟಿಯಿಂದ ನೇಯ್ದ ಟಾರ್ಪಾಲಿನ್ ಬಟ್ಟೆಯನ್ನೂ ಹೀಗೇ ನೋಡಬೇಕು. ಪಟ್ಟಿಯ ಅಗಲ 5 ಮಿ.ಮೀ. ಒಳಗಿದ್ದು ಲೇಪವಿಲ್ಲದಿದ್ದರೆ 5407.20, ಎರಡೂ ಬದಿ ಲ್ಯಾಮಿನೇಶನ್ ಕಂಡರೆ ಮತ್ತೆ 39.

ಕೊನೆಯ ಅಂಕಿ ಸುಲಭ. 5407ರ ಬಹುತೇಕ ಗುಂಪುಗಳಲ್ಲಿ 1 ಎಂದರೆ ಗ್ರೇ (ಮಗ್ಗದಿಂದ ಬಂದ ಹಾಗೇ ಇರುವ ಕೋರಾ ಬಟ್ಟೆ) ಅಥವಾ ಬ್ಲೀಚ್ ಮಾಡಿದ್ದು, 2 ಡೈ ಮಾಡಿದ್ದು, 3 ಬೇರೆ ಬೇರೆ ಬಣ್ಣದ ನೂಲಿನದ್ದು, 4 ಪ್ರಿಂಟ್. ಚೌಕಳಿ ಬಟ್ಟೆಯಲ್ಲಿ ಮಾತ್ರ ಎಳೆ ಬಿಡಿಸಿ ನೋಡಿ. ಒಂದೇ ಎಳೆಯ ಉದ್ದಕ್ಕೂ ಬಣ್ಣ ತುಂಡು ತುಂಡಾಗಿ ಬದಲಾಗುತ್ತಿದ್ದರೆ ಅದು ಪ್ರಿಂಟ್. ಅಂಚಿನಲ್ಲಿರುವ ಬಣ್ಣದ ನೂಲನ್ನು ಲೆಕ್ಕಕ್ಕೆ ಹಿಡಿಯಬಾರದು. 5407.10ರ ಹೈ ಟೆನಾಸಿಟಿ (ಹೆಚ್ಚು ಬಲದ) ನೂಲು ಮಾತ್ರ ಕೈಗೂ ಕಣ್ಣಿಗೂ ಸಿಗುವುದಿಲ್ಲ. ಪಾಲಿಯೆಸ್ಟರ್ ಅಥವಾ ನೈಲಾನ್‌ನ ಒಂಟಿ ನೂಲಿನ ಬಲ ಟೆಕ್ಸ್‌ಗೆ (ನೂಲಿನ ದಪ್ಪದ ಅಳತೆ) 60 ಸೆಂಟಿನ್ಯೂಟನ್ ಮೀರಬೇಕು. ಮಿಲ್‌ನವರ ಟೆಸ್ಟ್ ಸರ್ಟಿಫಿಕೇಟ್ ಇಲ್ಲದೆ ಆ ಕೋಡ್ ಹಾಕುವುದಿಲ್ಲ.

ಇಷ್ಟಾದ ಮೇಲೆ ಇನ್‌ವಾಯ್ಸ್‌ನ ವಿವರವನ್ನು ನಾನೇ ಬರೆದುಕೊಡುತ್ತೇನೆ: "ನೇಯ್ದ ಬಟ್ಟೆ, 100% ಪಾಲಿಯೆಸ್ಟರ್ ಟೆಕ್ಸ್ಚರ್ಡ್ ಫಿಲಮೆಂಟ್, ಡೈ ಮಾಡಿದ್ದು, ಕೋಟಿಂಗ್ ಇಲ್ಲ, ಅಗಲ 147 ಸೆಂ.ಮೀ., 120 ಜಿಎಸ್‌ಎಂ". ಓದಿದ ಅಧಿಕಾರಿಗೆ 5407.52 ತಾನಾಗಿ ಕಾಣುತ್ತದೆ. ಇಷ್ಟರ ಮೇಲೂ ಅನುಮಾನ ಉಳಿದರೆ, ಅದರಲ್ಲೂ ಕೋಟಿಂಗ್ ಇರುವ ಬಟ್ಟೆಗೆ, ಸರಕು ಹೊರಡುವ ಮೊದಲೇ ಆಮದು ದೇಶದ ಕಸ್ಟಮ್ಸ್‌ನಿಂದ ಅಡ್ವಾನ್ಸ್ ರೂಲಿಂಗ್, ಅಂದರೆ ಕೋಡ್ ಬಗ್ಗೆ ಮುಂಗಡ ತೀರ್ಪು, ಕೇಳಲು ಹೇಳುತ್ತೇನೆ. ಯುರೋಪಿಯನ್ ಒಕ್ಕೂಟದಲ್ಲಿ ಅಂಥ ತೀರ್ಪು ಮೂರು ವರ್ಷ ನಡೆಯುತ್ತದೆ. ಅರ್ಜಿಯ ಜೊತೆ ಸ್ಯಾಂಪಲ್, ಲ್ಯಾಬ್ ರಿಪೋರ್ಟ್ ಮತ್ತು ನನ್ನ ಲೆಕ್ಕದ ಹಾಳೆ, ಮೂರೂ ಇರುತ್ತವೆ.